‘ಖಾಲಿ ಜಾಗ’ದಲ್ಲಿ ಮಲಗಿರುವ ಮಕ್ಕಳ ಪರವಾಗಿ

ಮಾನ್ಯ ಭೂಮಾಪನ ನಿರ್ದೇಶಕರೇ,

ನಿಮ್ಮ ನಕ್ಷೆಯಲ್ಲಿ ‘ಖಾಲಿ ಜಾಗ’ ಎಂದು ನಮೂದಾಗಿರುವ ಕಡೆ ನನ್ನ ತಮ್ಮ ಇದ್ದಾನೆ. ಹುಟ್ಟಿ ವಾರ ತುಂಬುವ ಮೊದಲೇ ತೀರಿಕೊಂಡ ಅವನನ್ನು ಗಿರಣಿಯ ಹಿಂದಿನ ಬಯಲಿನಲ್ಲಿ ಮಣ್ಣು ಮಾಡಿದರು. ನಮ್ಮ ಬಡಾವಣೆಯ ಎಷ್ಟೋ ಹಸುಗೂಸುಗಳು ಅಲ್ಲಿವೆ. ಕಲ್ಲಿಲ್ಲ, ಗೋಡೆಯಿಲ್ಲ. ಹೆಸರಿಡುವಷ್ಟು ದಿನ ಬದುಕದವರಿಗೆ ಹೆಸರಿನ ಫಲಕವಾದರೂ ಎಲ್ಲಿಂದ ಬರಬೇಕು? ಇಲಾಖೆಯ ಕಣ್ಣಿಗೆ ಖಾಲಿಯಾಗಲು ಇಷ್ಟು ಸಾಕಾಯಿತು.

ನಾನು ಅನ್ವಯಿಕ ಭೂಗೋಳಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಕಳೆದ ವರ್ಷ ತರಗತಿಯಲ್ಲಿ ಒಂದು ಅಭ್ಯಾಸ ಕೊಟ್ಟರು: ಊರಿಗೆ ಹೊಸ ಬಸ್ ಡಿಪೊ ಎಲ್ಲಿ ಕಟ್ಟಬಹುದು? ನಿಮ್ಮ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ರಸ್ತೆ, ಮನೆ, ಚರಂಡಿಗಳ ಪದರಗಳನ್ನು ಅದರ ಮೇಲೆ ಹಾಸಿದೆವು. ಸೂಕ್ತವಾದ ಜಾಗ ಹಸಿರಾಗಬೇಕು. ಮೊದಲು ಹಸಿರಾದದ್ದು ಗಿರಣಿಯ ಹಿಂಭಾಗ. “ಎಷ್ಟು ಚೆನ್ನಾಗಿ ಬಂತು ನೋಡೇ” ಅಂದಳು ಪಕ್ಕದ ಗೆಳತಿ. ನಾನು ಎದ್ದು ಹೋಗಿ, ಆ ಹಸಿರಿನಡಿ ನನ್ನ ತಮ್ಮ ಇದ್ದಾನೆಂದು ಮೇಷ್ಟ್ರಿಗೆ ಹೇಳಿದೆ.

ವಿಷಯ ತಿಳಿದ ನಮ್ಮ ಮೇಷ್ಟ್ರು ನನ್ನನ್ನು ನಿಮ್ಮ ಕಚೇರಿಗೇ ಕರೆತಂದರು. ಅಲ್ಲಿನ ಅಧಿಕಾರಿ ಕುರ್ಚಿ ಕೊಟ್ಟು ಸೌಜನ್ಯದಿಂದಲೇ ವಿವರಿಸಿದರು: “ನೋಡಮ್ಮ, ಕಟ್ಟಡ ಇದ್ರೆ ಕಟ್ಟಡ ಅಂತ ಹಾಕ್ತೀವಿ, ಮರ ಇದ್ರೆ ಮರ ಅಂತ. ಮೇಲೆ ಏನೂ ಕಾಣ್ದಿದ್ರೆ ನಾವೇನು ಹಾಕೋದು?” ಸತ್ತವರು ಮೇಲೆ ಕಾಣುವಂತೆ ಮಲಗುವ ಪದ್ಧತಿ ಎಲ್ಲಿದೆ, ಸ್ವಾಮಿ? ನೆಲದಡಿಯ ನೀರಿನ ಪೈಪುಗಳನ್ನೆಲ್ಲ ನಿಮ್ಮ ಇಲಾಖೆ ಅಚ್ಚುಕಟ್ಟಾಗಿ ಗುರುತಿಸಿದೆ. ಮಕ್ಕಳು ಮಾತ್ರ ಹೇಗೆ ಕಣ್ತಪ್ಪಿದರು?

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತದೆ ಕೇಳಿದಳು: “ಖಾಲಿ ಅಂತ ಬರ್ದೋರು ಯಾರೇ? ಖಾಲಿ ಕೈಯಲ್ಲಿ ವಾಪಸ್ ಬಂದೋಳು ನಾನು.”

ಡಿಪೊ ನಿಜವಾಗಿಯೂ ಅಲ್ಲಿಗೇ ಮಂಜೂರಾಯಿತು. ನಮ್ಮ ಅಭ್ಯಾಸದಿಂದಲ್ಲ, ನಿಮ್ಮ ನಕ್ಷೆ ನಂಬಿದವರಿಗೆಲ್ಲ ಸಿಗುವ ಉತ್ತರ ಅದೊಂದೇ. ಕಳೆದ ತಿಂಗಳು ತಗಡಿನ ಬೇಲಿ ಬಂತು, ಅರ್ಧ ಬಯಲಿಗೆ ಕಾಂಕ್ರೀಟು ಬಿತ್ತು. ಅಮ್ಮ ಗುರುತಿಟ್ಟುಕೊಂಡಿದ್ದ ಪೊದೆಯನ್ನೂ ಕಿತ್ತಿದ್ದರು. ಬೇಲಿಯ ಸಂದಿಯಿಂದ ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಹಿಡಿದು, “ನೀನು ನಕ್ಷೆ ಓದ್ದೋಳಲ್ವಾ, ನಮ್ಮ ಪಾಪು ಯಾವ ಅರ್ಧದಲ್ಲಿದಾನೆ ಹೇಳು” ಅಂದಳು.

“ಉಳಿದಿರೋ ಅರ್ಧದಲ್ಲೇ ಅಮ್ಮ” ಅಂದೆ. ತಿಳಿಯದ್ದನ್ನು ತಿಳಿದಂತೆ ಹೇಳುವ ವಿದ್ಯೆ ಅಷ್ಟರಲ್ಲಿ ನನಗೂ ಬಂದಿತ್ತು.

ಆದ್ದರಿಂದ ನಾನು ಕೇಳುವುದಿಷ್ಟೇ. ಉಳಿದ ಅರ್ಧವನ್ನು ಅಗೆಯುವ ಮೊದಲು ಕೆಲಸ ನಿಲ್ಲಿಸಿ. ನಮ್ಮ ಬಡಾವಣೆಯ ತಾಯಂದಿರನ್ನು ಅಲ್ಲಿಗೆ ಕರೆಸಿ; ಅವರು ಕೈ ತೋರಿಸಿದಲ್ಲಿ ನಿಮ್ಮವರು ಅಳತೆ ಹಿಡಿಯಲಿ. ನಕ್ಷೆಯಲ್ಲಿ ‘ಮಕ್ಕಳ ಸ್ಮಶಾನ’ ಎಂದು ಬರೆಸಿ, ಕಾಂಕ್ರೀಟಿನ ಕೆಳಗೆ ಹೋದ ಭಾಗಕ್ಕೂ ಸೇರಿಸಿ. ಅಮ್ಮನಿಗೆ ನಾನಾಡಿದ ಮಾತು ಇನ್ನೂ ನಿಜವಿರಬಹುದು. ದಯವಿಟ್ಟು ಅದನ್ನು ಅಗೆಯಬೇಡಿ.

ಇಂತಿ,
ತಮ್ಮನ ಜಾಗ ತೋರಿಸಲಾರದ
ಒಬ್ಬ ಭೂಗೋಳದ ವಿದ್ಯಾರ್ಥಿನಿ