ಸುಮ್ಮನೆ ಮಲಗಿದ ಹತ್ತು ನಿಮಿಷ

ಬೀದರ, ಮಂಗಳವಾರ

ಔರಾದಿನ ಅಕ್ಕನಿಗೆ ಎಸ್ತರಳ ವಂದನೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾರ್ಡು.

ನಿನ್ನೆ ಇಲ್ಲಿಯ ಆಸ್ಪತ್ರೆಯಲ್ಲಿ ಮಿದುಳಿನ ಸಂಶೋಧನೆಗೆ ಹೋಗಿದ್ದೆ. ಅವರು ಮೊದಲು ನಮ್ಮ ಬಗ್ಗೆ ನಮಗೇ ಏನನಿಸುತ್ತದೆಂದು ಕೇಳುವ ಒಂದು ಹಾಳೆ ಕೊಟ್ಟರು. ‘ನನ್ನಲ್ಲಿ ಒಳ್ಳೆಯ ಗುಣಗಳಿವೆ’ ಎಂಬ ಸಾಲಿಗೆ ‘ಇಲ್ಲ’ ಎಂದು ಗುರುತು ಹಾಕಿದೆ. ವಾರವಾರ ಚರ್ಚಿನಲ್ಲಿ ‘ನಾನು ಅಯೋಗ್ಯಳು’ ಎನ್ನುವವಳು, ನನ್ನನ್ನು ನಾನೇ ಹೊಗಳಿಕೊಳ್ಳಲೇ? ಆಮೇಲೆ ಗಡಗಡ ಸದ್ದಿನ ಯಂತ್ರದೊಳಗೆ ಹತ್ತು ನಿಮಿಷ ಸುಮ್ಮನೆ ಮಲಗಿಸಿ ಮಿದುಳಿನ ಚಿತ್ರ ತೆಗೆದರು. ಒಳಗೊಳಗೇ ಇವೆಯೆಂದುಕೊಂಡೂ ‘ಇಲ್ಲ’ ಎಂದ ನನ್ನ ಸುಳ್ಳು ಅದರಲ್ಲಿ ಕಾಣುತ್ತದೆಂದೇ ಹೆದರಿದೆ.

ಹೊರಬಂದವಳೇ ಡಾಕ್ಟರ್ ಹುಡುಗಿಯ ಮುಂದೆ ಒಪ್ಪಿಕೊಂಡೆ. ನಕ್ಕಳು. “ಒಬ್ಬರ ಚಿತ್ರ ನೋಡಿ ಏನೂ ಹೇಳಲಾಕ ಆಗಲ್ರಿ ಟೀಚರ್. ಸುಮ್ಮನಿದ್ದಾಗಿನ ಮಿದುಳಿಗೂ ತಮ್ಮ ಮ್ಯಾಲಿನ ಅಭಿಮಾನಕ್ಕೂ ಏನ್ ಸಂಬಂಧ ಅಂತ ನೂರಾರು ಮಂದೀದು ಕೂಡಿಸಿ ನೋಡ್ತೇವ್ರಿ. ನೀವು ಖರೇ ಬರೀರಿ, ಸಾಕು.”

ಜೀವ ಹಗುರಾಯಿತು. ಹೊಸ ಹಾಳೆಯಲ್ಲಿ ‘ಹೌದು’ ಎಂದು ಬರೆದೆ. ನನ್ನ ಬಿಪಿಯನ್ನೂ ನೋಡಿದರು, ಸರಿಯಿದೆ. ಪಾಸ್ಟರಿಗೆ ಮಾತ್ರ ಹೇಳಬೇಡ.