ಎದುರು ಪುಟಕ್ಕೆ ಅಪ್ಪನ ಉತ್ತರ

ಶನಿವಾರ, ೧೪ ಮಾರ್ಚ್

ಪ್ರೀತಿಯ ಮಗಳೇ,

ನಾನು ಚೆನ್ನಾಗಿದ್ದೇನೆ, ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ತಡವಾಯಿತೆಂದು ಬೈಯಬೇಡ. ಒಂದು ಸಂಶೋಧನಾ ಪತ್ರಿಕೆಯ ಗಡಿಬಿಡಿಯಲ್ಲಿ ಈ ಪತ್ರ ಹಿಂದೆ ಬಿತ್ತು.

ನನ್ನ ವಿದ್ಯಾರ್ಥಿನಿ ಹಲ್ಲಿರಾಣಿ ಗೊತ್ತಲ್ಲ, ನಮ್ಮ ಹಜಾರದ ಗೋಡೆಗೆ ಟಾರ್ಚ್ ಬಿಟ್ಟುಕೊಂಡು ನಿಲ್ಲುತ್ತಿದ್ದವಳು? ಅವಳ ಸಂಶೋಧನಾ ಪ್ರಬಂಧ ಮುಗಿಯಿತು. ಅದು ಅಚ್ಚಾದರೆ ಮಾತ್ರ ಅವಳಿಗೆ ಮುಂದಿನ ಓದಿಗೆ ಸೀಟು. ತಿದ್ದಲು ಕೂತೆ. ಶುರುವಿನ ಪುಟಗಳೆಲ್ಲ ಹಲ್ಲಿಯ ವಂಶಾವಳಿ. ಹೆಣ್ಣು ಕೊಡುವಾಗಲೂ ಯಾರೂ ಅಷ್ಟು ವಿಚಾರಿಸುವುದಿಲ್ಲ. ಕತ್ತರಿಸಿದೆ. ಹಲ್ಲಿ ಬಾಲ ಬಿಟ್ಟು ಬದುಕುತ್ತದೆ, ಈ ಪ್ರಬಂಧ ತಲೆ ಬಿಟ್ಟು ಬದುಕಿತು.

ಅಸಲು ವಿಷಯವನ್ನು ಮಾತ್ರ ಕೊನೆಯ ಅಡಿಟಿಪ್ಪಣಿಯಲ್ಲಿ ಅಡಗಿಸಿಟ್ಟಿದ್ದಳು. ನಿಮ್ಮಪ್ಪ ಹಲ್ಲಿಗಳ ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು, ದೂರ ಬಿಟ್ಟುಬಂದು, ಮರಳುತ್ತವೆಯೇ ಎಂದು ಹಜಾರದ ಮೂಲೆ ಕಾಯುತ್ತಿದ್ದರಲ್ಲ? ಚುಕ್ಕೆಯ ಹಲ್ಲಿ ಒಂದೂ ಬರಲಿಲ್ಲ. ದೂರ ಹೋದದ್ದು ಮರಳುವುದಿಲ್ಲ, ಮೂಲೆಗೆ ಬಂದದ್ದು ಬೇರೆಯದೆಂದು ತಮ್ಮ ಪ್ರಬಂಧದಲ್ಲಿ ಬರೆದರು. ಇವಳು ಚುಕ್ಕೆಯಿಟ್ಟರೂ ಅದನ್ನೇ ನಂಬದೆ, ಬಿಡುವ ಮೊದಲೂ ಬಂದ ಮೇಲೂ ತಲೆಯ ಗುರುತುಗಳ ಫೋಟೋ ಹಿಡಿದಳು. ನೋಡಿದರೆ ಅದೇ ಹಲ್ಲಿ! ನಡುವೆ ಪೊರೆ ಕಳಚಿ, ಬಣ್ಣದ ಸಮೇತ ತಾನೇ ತಿಂದುಬಿಟ್ಟಿದೆ. ಸಾಕ್ಷಿ ಜೀರ್ಣ.

"ಇದನ್ನ ಯಾಕೆ ಕೆಳಗೆ ತುರುಕಿದೀಯ?" ಎಂದೆ.

"ಸರ್ ತಪ್ಪು ಅಂತ ಹೇಗೆ ಬರೀಲಿ, ಮೇಡಂ?"

"ನಾನು ಅಡುಗೆಮನೇಲಿ ದಿನಾ ಹೇಳ್ತಿದ್ದೆ ಕಣೇ. ನೀನು ಅಚ್ಚು ಹಾಕಿಸ್ತಿದೀಯ, ಅಷ್ಟೆ."

ಅಡಿಟಿಪ್ಪಣಿಗೆ ಬಡ್ತಿ ಕೊಟ್ಟು ಮೊದಲ ಪ್ಯಾರಾ ಮಾಡಿದೆ.

ಆಮೇಲೆ ಎಲ್ಲಿಗೆ ಕಳಿಸುವುದೆಂಬ ಪಂಚಾಯಿತಿ. ನಮ್ಮ ವಿಭಾಗದ ಮುಖ್ಯಸ್ಥರು, "ಹೊರದೇಶದ ದೊಡ್ಡ ಪತ್ರಿಕೆಗೆ ಕಳ್ಸಿ ಮೇಡಂ, ಅಲ್ಲಿ ಯಾರಿಗೂ ಸರ್ ಹೆಸರು ಗೊತ್ತಿಲ್ಲ. ತೀರಿಕೊಂಡು ಇನ್ನೂ ವರ್ಷ ಆಗಿಲ್ಲ, ಇಲ್ಲಿ ಯಾಕೆ ಸುಮ್ನೆ?" ಎಂದರು. ನನಗೂ ಸರಿಯೆನ್ನಿಸಿತು. ಹಲ್ಲಿರಾಣಿ ಒಪ್ಪಲಿಲ್ಲ. "ಸರ್ ಪ್ರಬಂಧ ಬಂದ ಪತ್ರಿಕೆಗೇ ಕೊಡೋಣ ಮೇಡಂ. ಅದನ್ನ ಓದಿದವರೇ ಇದನ್ನೂ ಓದ್ಬೇಕಲ್ವಾ?" ನಿಮ್ಮಪ್ಪ ಇದ್ದಿದ್ದರೆ ಇವಳನ್ನು ಹೊರಗೆ ಅಟ್ಟಿ, ಮರುದಿನ ತಾವೇ ಕರೆದುಕೊಂಡು ಬರುತ್ತಿದ್ದರು. ಹಳೆಯ ಪತ್ರಿಕೆಗೇ ಕಳಿಸಿದೆವು. ತೆಗೆದುಕೊಂಡಿದ್ದಾರೆ, ಅವಳ ಸೀಟು ಗಟ್ಟಿ.

ಹಜಾರಕ್ಕೆ ಸುಣ್ಣ ಹೊಡೆಸಬೇಕಿತ್ತು, ಮುಂದಕ್ಕೆ ಹಾಕಿದ್ದೇನೆ. ಕಾರಣ ಕೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರಿಗೆ ನನ್ನ ನೆನಪುಗಳನ್ನು ತಿಳಿಸು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ.: ಆ ಪತ್ರಿಕೆಯದೊಂದು ಪದ್ಧತಿ ಇದೆ. ಯಾರದಾದರೂ ಪ್ರಬಂಧ ತಪ್ಪೆಂದು ಅಚ್ಚು ಹಾಕಿದರೆ, ಅವರ ಉತ್ತರಕ್ಕೆ ಎದುರು ಪುಟ ಬಿಡುತ್ತಾರೆ. ಸಂಪಾದಕರು ಫೋನ್ ಮಾಡಿ, "ಅವರ ಪರವಾಗಿ ನೀವೇ ಬರೀತೀರಾ?" ಎಂದರು. ಹೂಂ ಎಂದುಬಿಟ್ಟೆ. ಇಷ್ಟು ವರ್ಷ ಅವರ ಜೊತೆ ವಾದ ಮಾಡಿದವಳು, ಅವರ ಮಾತು ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಬರೆಯಲು ಕೂತರೆ ನಾನು ಅಂದದ್ದೆಲ್ಲ ನೆನಪಾಗುತ್ತದೆ. ಅವರು ಏನಂದರೆಂಬುದು ಒಂದೂ ಇಲ್ಲ. ನಾವು ವಾದ ಮಾಡುವಾಗ ನೀನು ಅಲ್ಲೇ ಊಟದ ಮೇಜಿನ ಮುಂದೆ ಕೂತು ಓದಿಕೊಳ್ಳುತ್ತಿದ್ದೆಯಲ್ಲ. ಅಪ್ಪ ಏನನ್ನುತ್ತಿದ್ದರು?