ಯಾರೂ ದಾಟುವುದಿಲ್ಲ ಎಂದು ನೀವು ಬರೆದುಕೊಟ್ಟ ರಸ್ತೆಯ ಕುರಿತು

ಹೆದ್ದಾರಿಯ ಡಿವೈಡರಿನ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಕಾಪುವಿಗೂ ಹೆಜಮಾಡಿಗೂ ನಡುವೆ ನಿಮ್ಮ ಹೆದ್ದಾರಿ ಎರಡು ತುಂಡು ಮಾಡಿರುವ ಊರುಗಳಲ್ಲಿ ಒಂದರಿಂದ ಬರೆಯುತ್ತಿದ್ದೇನೆ. ನಮ್ಮ ಪೇಟೆಯ ಎದುರು ಡಿವೈಡರಿನಲ್ಲಿ ಒಂದು ದಾರಿ ಇತ್ತು. ಅದನ್ನು ನೀವು ಮುಚ್ಚಿಸಿದಿರಿ. ತೆರೆದುಕೊಡಿ ಎಂದು ಊರಿನವರು ಮನವಿ ಕೊಟ್ಟರೆ, ಸಮೀಕ್ಷೆ ನಡೆಸಿದ್ದೇವೆ, ಸದರಿ ಸ್ಥಳದಲ್ಲಿ ರಸ್ತೆ ದಾಟುವ ಪಾದಚಾರಿಗಳೇ ಇಲ್ಲ ಎಂದು ಉತ್ತರ ಕಳಿಸಿದಿರಿ. ಸ್ವಾಮಿ, ನಾನು ಆ ಪಾದಚಾರಿಗಳಲ್ಲಿ ಒಬ್ಬಳು. ನಾನು ಇಲ್ಲವೇ ಇಲ್ಲ ಎಂದು ಕಚೇರಿಯ ಮೊಹರಿನ ಸಮೇತ ಓದಿದಾಗ ಒಂದು ಕ್ಷಣ ನನಗೇ ಅನುಮಾನ ಬಂತು. ಆಮೇಲೆ ಡಿವೈಡರ್ ಹತ್ತಿ ಇಳಿದು ಮೊಣಕಾಲು ನೋಯುತ್ತಿದ್ದುದು ನೆನಪಾಗಿ ಸಮಾಧಾನವಾಯಿತು.

ನಮ್ಮ ಊರಿನ ವಿಚಾರ ನಿಮಗೆ ಗೊತ್ತಿರಲಾರದು, ತಾವು ಗಾಜು ಏರಿಸಿದ ಕಾರಿನಲ್ಲಿ ನಮ್ಮನ್ನು ದಾಟಿ ಹೋಗುವವರು. ಉಡುಪಿಗೆ ಹೋಗುವ ಬಸ್ಸು ಪಶ್ಚಿಮದ ಬದಿಯಲ್ಲಿ ನಿಲ್ಲುತ್ತದೆ. ಉಡುಪಿಯಿಂದ ಬರುವ ಬಸ್ಸು ಪೂರ್ವದ ಬದಿಯಲ್ಲಿ ಇಳಿಸುತ್ತದೆ. ಹಾಗಾದರೆ ಬೆಳಿಗ್ಗೆ ಉಡುಪಿಯ ಬನ್ನಂಜೆಯ ಕಡೆ ಕೆಲಸಕ್ಕೆ ಹೋದ ಮನುಷ್ಯ ಸಂಜೆ ರಸ್ತೆ ದಾಟದೆ ಮನೆ ಸೇರುವುದು ಹೇಗೆ? ನಿಮ್ಮ ಸಮೀಕ್ಷೆ ನಿಜವೇ ಆಗಿದ್ದರೆ ಊರಿನ ಅರ್ಧ ಜನ ಇಷ್ಟು ಹೊತ್ತಿಗೆ ಎದುರು ಬದಿಯ ಬಸ್ ಸ್ಟಾಪಿನಲ್ಲೇ ಸಂಸಾರ ಹೂಡಿರಬೇಕಿತ್ತು. ಯು-ಟರ್ನ್ ಕೊಟ್ಟಿದ್ದೇವಲ್ಲ ಎನ್ನುತ್ತೀರಿ. ಕೊಟ್ಟಿದ್ದೀರಿ, ದೂರದಲ್ಲಿ, ಪೆಟ್ರೋಲ್ ಬಂಕಿನಿಂದಲೂ ಆಚೆ. ಅಲ್ಲಿಯವರೆಗೆ ನಡೆಯಲು ಫುಟ್‌ಪಾತ್ ಇಲ್ಲ, ಚರಂಡಿಯ ಮುಚ್ಚಳವೂ ಪೂರ್ತಿ ಇಲ್ಲ. ಲಾರಿ ತಿರುಗಿಸಲು ಮಾಡಿದ ಜಾಗದಲ್ಲಿ ಮನುಷ್ಯರನ್ನೂ ತಿರುಗಿಸಬಹುದು ಎಂಬ ವಿದ್ಯೆ ನೀವು ಎಲ್ಲಿ ಕಲಿತಿರೋ ನನಗೆ ತಿಳಿಯದು.

ಈಗ ಒಬ್ಬರ ಕತೆ ಹೇಳುತ್ತೇನೆ. ನನ್ನ ಟೈಲರಿಂಗ್ ಅಂಗಡಿ ಪೂರ್ವದ ಬದಿಯಲ್ಲಿದೆ. ಎದುರು ಬದಿಯಲ್ಲಿ, ಸಮುದ್ರದ ಕಡೆಗೆ ಇಳಿಯುವ ಓಣಿಯ ಮೊದಲ ಮನೆ ಕುಂಞಿಪಾತುಮ್ಮ ಅವರದು. ನಾನು ಪಾತುಮ್ಮಕ್ಕ ಎನ್ನುತ್ತೇನೆ. ನಾನು ಅಂಗಡಿ ಇಟ್ಟ ವರ್ಷದಿಂದಲೂ ಅವರು ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ರಸ್ತೆ ದಾಟಿ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾರೆ. ಬ್ಲೌಸಿಗೆ ಹುಕ್ಸ್ ಹಾಕುತ್ತಾರೆ, ಸೀರೆಗೆ ಫಾಲ್ಸ್ ಹೊಲಿಯುತ್ತಾರೆ, ಊರಿನವರ ಮೇಲೆ ತೀರ್ಪು ಕೊಡುತ್ತಾರೆ. ಮನೆಯಲ್ಲಿ ಸೊಸೆ ಸಮೀನಾ ಇದ್ದಾಳೆ, ಮೊಮ್ಮಕ್ಕಳಿದ್ದಾರೆ, ಯಾವುದಕ್ಕೂ ಕೊರತೆಯಿಲ್ಲ. ಆದರೂ ಹೆಂಗಸಿಗೆ ಮನೆಯ ಹೊರಗೆ ತನ್ನದೇ ಎನ್ನುವ ಒಂದು ಸ್ಟೂಲು ಬೇಕಾಗುತ್ತದೆ. ಅವರಿಗೂ ಅದು ಬೇಕಿತ್ತು, ಅವರು ಅಲ್ಲಿ ಕೂತಿರುವುದು ನನಗೂ ಬೇಕಿತ್ತು.

ನೀವು ದಾರಿ ಮುಚ್ಚಿದ ಮೇಲೂ ಅವರು ಬರುತ್ತಿದ್ದರು, ಎಲ್ಲರ ಹಾಗೆ ಡಿವೈಡರ್ ಹತ್ತಿ ಇಳಿದು. ಒಂದು ದಿನ ಬುರ್ಖಾದ ಅಂಚು ಕಾಲಿಗೆ ಸಿಕ್ಕಿ ಆಚೆಗೆ ಜಾರಿದರು. ಲಾರಿಯವನು ಬ್ರೇಕ್ ಹಾಕಿದ್ದರಿಂದ ಬದುಕಿದರು. ಮೊಣಕೈ ತರಚಿತು, ಚೀಲದಲ್ಲಿದ್ದ ಬ್ಲೌಸುಗಳು ರಸ್ತೆಯ ತುಂಬ ಚೆಲ್ಲಿದವು. ನಮ್ಮ ಊರಿನ ಸುದ್ದಿ ಪಕ್ಕದ ಮನೆಗಿಂತ ಮೊದಲು ಗಲ್ಫಿಗೆ ತಲುಪುತ್ತದೆ. ಅವರು ಮನೆ ಸೇರುವಷ್ಟರಲ್ಲಿ ದಮ್ಮಾಮಿನಿಂದ ಮಗ ನಿಯಾಝ್ ವಿಡಿಯೋ ಕಾಲ್ ಮಾಡಿ, ಇನ್ನು ಆ ರಸ್ತೆ ದಾಟುವುದಿಲ್ಲ ಎಂದು ತಾಯಿಯಿಂದ ಮಾತು ತೆಗೆದುಕೊಂಡ. ಅವನದು ತಪ್ಪೆನ್ನಲಾರೆ, ನನ್ನ ಮಗನಾದರೂ ಅದನ್ನೇ ಮಾಡುತ್ತಿದ್ದ. ಅಂದಿನಿಂದ ಪಾತುಮ್ಮಕ್ಕ ಆಚೆ, ನಾನು ಈಚೆ. ಬ್ಲೌಸಿನ ಗಂಟು ಮಾತ್ರ ದೇಜಪ್ಪನ ರಿಕ್ಷಾದಲ್ಲಿ ಕೂತು, ಯು-ಟರ್ನ್ ಸುತ್ತಿ, ಎದುರು ಮನೆಗೆ ಹೋಗಿ ಬರುತ್ತದೆ. ಇಡೀ ಊರಿನಲ್ಲಿ ನಿಮ್ಮ ಯೋಜನೆಯ ಪೂರ್ಣ ಪ್ರಯೋಜನ ಪಡೆಯುತ್ತಿರುವುದು ಆ ಗಂಟು ಒಂದೇ.

ಇನ್ನು ತಮ್ಮ ಘನ ಸಮೀಕ್ಷೆಯ ವಿಷಯಕ್ಕೆ ಬರುತ್ತೇನೆ. ಅದು ನಡೆದ ದಿನ ನಾನು ಅಂಗಡಿಯಲ್ಲೇ ಇದ್ದೆ. ಬೆಳಿಗ್ಗೆ ಹೊಳೆಯುವ ಹಸಿರು ಜಾಕೆಟ್ ತೊಟ್ಟ ನಾಲ್ಕು ಜನ ಬಂದು, ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮರಾ ಸಿಕ್ಕಿಸಿ ಡಿವೈಡರಿನ ಕಡೆ ತಿರುಗಿಸಿ ನಿಂತರು. ಯಾರು, ಏನು, ಯಾಕೆ ಎಂದು ಪಂಚಾಯತಿಗೆ ತಿಳಿಸಿರಲಿಲ್ಲ, ನಮಗಂತೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ರಸ್ತೆ ಬದಿಗೆ ಕ್ಯಾಮರಾ ಇಟ್ಟುಕೊಂಡು ನಿಲ್ಲುವವರೆಂದರೆ ದಂಡ ಹಾಕುವವರು ಎಂದೇ ಅರ್ಥ. ಅಂಥವರು ಕಂಡರೆ ಎದುರು ಬರುವ ಸ್ಕೂಟರಿನವನಿಗೆ ತಲೆ ಮುಟ್ಟಿ ತೋರಿಸಿ ಎಚ್ಚರಿಸುವುದು ಇಲ್ಲಿಯ ಪದ್ಧತಿ. ಆ ಸ್ಕೂಟರಿನವನು ಯಾವ ಜಾತಿ, ಯಾವ ಪಕ್ಷ ಎಂದು ಆಗ ಯಾರೂ ಕೇಳುವುದಿಲ್ಲ. ವೇದಿಕೆಯ ಮೇಲೆ ಸೌಹಾರ್ದದ ಭಾಷಣ ಮಾಡುವವರು ಒಮ್ಮೆ ಬಂದು ನೋಡಬೇಕು.

ಜ್ಯೂಸ್ ಅಂಗಡಿಯ ಅರ್ಶದ್ ಮಸೀದಿಯ ಜಮಾಅತಿನ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದ: ಡಿವೈಡರ್ ಹತ್ತುವವರ ಫೋಟೋ ತೆಗೆದು ಫೈನ್ ಹಾಕ್ತಾ ಇದ್ದಾರೆ, ಇವತ್ತು ಯಾರೂ ದಾಟಬೇಡಿ. ಅದು ಕಾಫಿ ಆರುವ ಮೊದಲು ಭಜನಾ ಮಂಡಳಿಯ ಗ್ರೂಪಿಗೆ, ಅಲ್ಲಿಂದ ಚರ್ಚಿನ ವಾರ್ಡಿನ ಗ್ರೂಪಿಗೆ ಹೋಯಿತು. ಅಷ್ಟೇ. ಇಡೀ ಊರು ಒಂದು ದಿನದ ಮಟ್ಟಿಗೆ ಮಹಾ ಶಿಸ್ತಿನ ಊರಾಯಿತು. ಮೀನು ತರಬೇಕಾದವರು ಮೊಟ್ಟೆ ಸಾರು ಮಾಡಿದರು. ಶಾಲೆಯ ಮಕ್ಕಳನ್ನು ಕಾರಿನಲ್ಲಿ ಸುತ್ತಿಸಿ ಬಿಟ್ಟರು. ಉಳಿದವರು ಆ ಬಿಸಿಲಲ್ಲಿ ಸಾಲಾಗಿ ಯು-ಟರ್ನಿನ ತನಕ ನಡೆದರು. ನಿಮ್ಮವರಲ್ಲಿ ಒಬ್ಬ ದೇಜಪ್ಪನನ್ನು ಕರೆದು, ಇಲ್ಲಿ ಜನ ದಾಟುತ್ತಾರಾ ಎಂದು ವಿಚಾರಿಸಿದ. ದೇಜಪ್ಪ ಕೈ ಕಟ್ಟಿ ನಿಂತು, ‘ಇಲ್ಲ ಸಾರ್, ನಮ್ಮ ಊರಿನಲ್ಲಿ ಅಂಥ ಕೆಲಸ ಮಾಡುವವರು ಯಾರೂ ಇಲ್ಲ’ ಎಂದ. ಆ ಮಾತು ತಮ್ಮ ವರದಿಯಲ್ಲಿ ‘ಸ್ಥಳೀಯರ ಅಭಿಪ್ರಾಯ’ ಎಂಬ ತಲೆಬರಹದ ಕೆಳಗೆ ಕೂತಿದೆ. ದೇಜಪ್ಪನಿಗೆ ಅದನ್ನು ಓದಿ ಹೇಳಿದ ದಿನ ಅವನು ಊಟ ಮಾಡಲಿಲ್ಲ.

ನಮ್ಮದು ದಡ್ಡತನ, ಒಪ್ಪಿದೆ. ಆದರೆ ಮಾನ್ಯರೇ, ಬಸ್ಸುಗಳು ಎರಡೂ ಬದಿಯಲ್ಲಿ ನಿಲ್ಲುವ ಒಂದು ಪೇಟೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ರಸ್ತೆ ದಾಟದಿದ್ದರೆ, ಎಣಿಸಲು ನಿಂತವನಿಗೆ ಸಂಶಯ ಬರಬೇಡವೇ? ಡಿವೈಡರಿನ ಎರಡೂ ಕಡೆ ಸವೆದು ಹೊಳೆಯುತ್ತಿರುವ ಮೆಟ್ಟಿಲಿನಂಥ ಗುರುತು ಯಾರ ಕಾಲಿನದು ಎಂದು ಕೇಳಬಾರದಿತ್ತೇ? ನಿಮಗೆ ಸೊನ್ನೆ ಬೇಕಿತ್ತು, ಸಿಕ್ಕಿತು, ಊಟದ ಹೊತ್ತಿಗೆ ಹೊರಟಿರಿ. ಸಾಲದ್ದಕ್ಕೆ ಹೋದ ತಿಂಗಳು ಡಿವೈಡರಿನ ಮೇಲೆ ಎದೆಯೆತ್ತರದ ಕಬ್ಬಿಣದ ಬೇಲಿ ಬೇರೆ ಹಾಕಿಸಿದ್ದೀರಿ. ಯಾರೂ ದಾಟದ ಜಾಗಕ್ಕೆ ಬೇಲಿ ಯಾಕೆ? ಯಾರನ್ನು ತಡೆಯಲಿಕ್ಕೆ? ಇದೊಂದಕ್ಕಾದರೂ ಲಿಖಿತ ಉತ್ತರ ಕೊಡಿ.

ಈ ಪತ್ರ ಬರೆಯುತ್ತಿದ್ದೇನೆ ಎಂದು ನಿನ್ನೆ ಪಾತುಮ್ಮಕ್ಕನಿಗೆ ಫೋನು ಮಾಡಿ ಹೇಳಿದೆ. ನಾವು ಮಾತಾಡುವುದು ತುಳುವಿನಲ್ಲಿ, ನಿಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ.

‘ನನ್ನದೂ ಒಂದು ಪ್ರಶ್ನೆ ಸೇರಿಸು ಸ್ವರ್ಣಾ’ ಎಂದರು. ‘ಮಸೀದಿ, ಕಬರ್‌ಸ್ಥಾನ ಎರಡೂ ನಿನ್ನ ಬದಿಯಲ್ಲಿ ಉಂಟಲ್ವಾ? ನಮ್ಮಲ್ಲಿ ಸತ್ತವರ ಮಯ್ಯತನ್ನು ಹೆಗಲ ಮೇಲೆ ಹೊತ್ತು ನಡೆದೇ ಹೋಗುವುದು. ನನ್ನನ್ನು ಹೊತ್ತವರು ಲಾರಿಗಳ ಎದುರು ಯು-ಟರ್ನಿಗೆ ನಡೆಯಬೇಕಾ, ಬೇಲಿ ಹತ್ತಬೇಕಾ? ಅವರು ಎಂತ ಹೇಳ್ತಾರೆ ಕೇಳು.’

ಎಂಥ ಮಾತು ಆಡುತ್ತೀರಿ ಅಕ್ಕ ಎಂದು ಗದರಿಸಿ ಫೋನು ಇಟ್ಟೆ. ಇಟ್ಟ ಮೇಲೆ ಸೂಜಿಗೆ ನೂಲು ಪೋಣಿಸಲು ಆಗಲಿಲ್ಲ, ಅಂಗಡಿ ಬೇಗ ಮುಚ್ಚಿದೆ. ನನಗೆ ನಿಮ್ಮ ಮೇಲೆ ಬಂದಿರುವುದು ಬರೀ ಸಿಟ್ಟಲ್ಲ, ಹೇಸಿಗೆ. ಒಬ್ಬ ಹೆಂಗಸು ತನ್ನ ಮನೆಯೆದುರಿನ ರಸ್ತೆ ದಾಟುವ ಬಗ್ಗೆ ಯೋಚಿಸುವಾಗ ಸಾವಿನ ವಿಷಯ ಎತ್ತಬೇಕಾಗಿ ಬರುವ ಹಾಗೆ ಮಾಡಿದ್ದೀರಿ.

ಆದ್ದರಿಂದ ನಮ್ಮ ಬೇಡಿಕೆ ಕೇಳಿ. ಬೇಲಿ ಕಿತ್ತು ಆ ದಾರಿಯನ್ನು ತೆರೆಯಿರಿ, ಅಲ್ಲೊಂದು ಸಿಗ್ನಲ್ ಹಾಕಿ, ಮುದುಕಿಯೊಬ್ಬಳು ದಾಟಿ ಮುಗಿಸುವಷ್ಟು ಹೊತ್ತು ವಾಹನಗಳನ್ನು ನಿಲ್ಲಿಸಿ. ಬೇಕಾದರೆ ಇನ್ನೊಮ್ಮೆ ಎಣಿಸಿ, ಜಾಕೆಟ್ ಬಿಚ್ಚಿಟ್ಟು, ನನ್ನ ಅಂಗಡಿಯೊಳಗೆ ಕೂತು ಎಣಿಸಿ, ಸ್ಟೂಲು ಖಾಲಿ ಇದೆ. ಏನೇ ಮಾಡುವುದಿದ್ದರೂ ಬೇಗ ಮಾಡಿ. ಪಾತುಮ್ಮಕ್ಕ ಒಂದು ದಿನ ಈ ಬದಿಗೆ ಬಂದೇ ಬರುತ್ತಾರೆ, ಅದನ್ನು ತಡೆಯುವ ಬೇಲಿ ನಿಮ್ಮ ಹತ್ತಿರ ಇಲ್ಲ. ಅದಕ್ಕಿಂತ ಮೊದಲು ಅವರು ತಮ್ಮ ಕಾಲಿನಲ್ಲಿ ನಡೆದು ಬರಬೇಕು.

ಇಂತಿ,
ಎದುರು ಬದಿಯನ್ನೇ ನೋಡುತ್ತ ಕೂತಿರುವ,
ಸ್ವರ್ಣಲತಾ
(ಟೈಲರ್, ಹೆದ್ದಾರಿಯ ಪೂರ್ವ ಬದಿ)